ತಲೆಯ ಮೇಲೊಂದು ಕಿರುಗೆರೆ

ಸ್ಪ್ಯಾನಿಷ್ ಭಾಷೆಯಲ್ಲಿ 'ಮೊಞೊ' ಎಂದರೆ ತುರುಬು; 'ಮೊನೊ' ಎಂದರೆ ಕೋತಿ. 'ಪೆಞಾ' ಎಂದರೆ ಬಂಡೆ. 'ಪೆನಾ' ಎಂದರೆ ದುಃಖ. 'ಕಾಞಾ' ಎಂದರೆ ಜೊಂಡು ಅಥವಾ ಕಬ್ಬಿನ ಜಲ್ಲೆ. 'ಕಾನಾ' ಎಂದರೆ ನರೆಗೂದಲು. ಕಿವಿಗೆ ಈ ಜೋಡಿಗಳ ವ್ಯತ್ಯಾಸ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಕಣ್ಣಿಗಾದರೋ ಅವುಗಳ ನಡುವೆ ಇರುವುದು ಒಂದೇ ಒಂದು ಗೆರೆ. ರೋಮನ್ ಲಿಪಿಯ 'ಎನ್' ಅಕ್ಷರದ ನೆತ್ತಿಯ ಮೇಲೆ ಅಲೆಯಂತೆ ಬಾಗಿದ ಕಿರುಗೆರೆಯನ್ನು ಎಳೆದರೆ ತುರುಬು. ಎಳೆಯಲು ಮರೆತರೆ ಕೋತಿ!

ಇಷ್ಟರಲ್ಲೇ ಮುಗಿಯುವುದಿಲ್ಲ. ವರ್ಷಕ್ಕೆ ಆ ಭಾಷೆಯಲ್ಲಿ 'ಆಞೊ' ಎನ್ನುತ್ತಾರೆ. ಹೊಸ ವರ್ಷದ ಶುಭಾಶಯ ಕಳುಹಿಸುವವರು ಆ ಗೆರೆಯನ್ನು ಬಿಟ್ಟುಬಿಟ್ಟರೆ, ಉಳಿಯುವ ಮಾತು ನಾಲ್ಕು ಜನರ ಮುಂದೆ ಆಡುವಂಥದಲ್ಲ. ಹಾಗಿದ್ದೂ ಪ್ರಪಂಚದ ಎಷ್ಟೋ ಕಂಪ್ಯೂಟರುಗಳ ಕೀಲಿಮಣೆಯ ಮೇಲೆ ಈ ಅಕ್ಷರ ಕಾಣುವುದಿಲ್ಲ. ಅವಸರದಲ್ಲಿ ಬರೆಯುವವರು 'ಎನ್' ಒತ್ತಿ ಮುಂದೆ ಹೋಗುತ್ತಾರೆ. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಲಿ ಎಂಬ ಭರವಸೆ.

ಸ್ಪೇನಿನ ಜನ ಈ ಅಕ್ಷರವನ್ನು 'ಎಞೆ' ಎಂದು ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇದೇ ಎಞೆಯ ಸಲುವಾಗಿ ಒಂದು ರಾಷ್ಟ್ರ ತನ್ನ ನೆರೆಹೊರೆಯ ರಾಷ್ಟ್ರಗಳೊಡನೆ ವಾದಕ್ಕಿಳಿಯಿತು. ಬೆರಳ ತುದಿಯಷ್ಟಗಲದ ಒಂದು ಕೀಲಿಗಾಗಿ ಸರ್ಕಾರವೊಂದು ರಾಜಾಜ್ಞೆಯನ್ನೇ ಹೊರಡಿಸಬೇಕಾಯಿತು. ಯಂತ್ರಕ್ಕೆ ಭಾಷೆ ಒಗ್ಗಬೇಕೋ, ಭಾಷೆಗೆ ಯಂತ್ರ ಒಗ್ಗಬೇಕೋ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ದೊರೆತ ಸಂದರ್ಭಗಳು ವಿರಳ.

ಮಿತವ್ಯಯದ ಕೂಸು

ಎಞೆಯ ಹುಟ್ಟು ಮಧ್ಯಯುಗದ್ದು. ಯೂರೋಪಿನಲ್ಲಿ ಆಗ ಗ್ರಂಥಗಳನ್ನು ಕೈಯಿಂದಲೇ ನಕಲು ಮಾಡುತ್ತಿದ್ದರು. ಬರೆಯುತ್ತಿದ್ದುದು ಹದಮಾಡಿದ ಚರ್ಮದ ಹಾಳೆಗಳ ಮೇಲೆ. ಚರ್ಮದ ಹಾಳೆ ಅಗ್ಗದ ವಸ್ತುವಲ್ಲ. ಆದಕಾರಣ ಲಿಪಿಕಾರರು ಸ್ಥಳ ಉಳಿಸಲು ನಾನಾ ಉಪಾಯಗಳನ್ನು ಹೂಡಿದರು. ಒಂದೇ ಅಕ್ಷರ ಎರಡು ಸಲ ಬಂದರೆ, ಎರಡನೆಯದನ್ನು ಚಿಕ್ಕದು ಮಾಡಿ ಮೊದಲನೆಯದರ ತಲೆಯ ಮೇಲೆ ಏರಿಸಿಬಿಡುವುದು ಅವುಗಳಲ್ಲೊಂದು. ಲ್ಯಾಟಿನ್ನಿನಲ್ಲಿ ವರ್ಷಕ್ಕೆ 'ಆನ್ನುಸ್' ಎಂದು ಹೆಸರು. ಅಲ್ಲಿಯ ಎರಡು 'ಎನ್'ಗಳಲ್ಲಿ ಒಂದು ಮೇಲಕ್ಕೇರಿತು. ಬರುಬರುತ್ತಾ ಸವೆದು ಬರಿಯ ಗೆರೆಯಾಯಿತು.

ಕನ್ನಡಿಗರಿಗೆ ಈ ಉಪಾಯ ಅಪರಿಚಿತವೇನಲ್ಲ. 'ಅನ್ನ' ಎಂದು ಬರೆಯುವಾಗ ಎರಡನೆಯ ನಕಾರವನ್ನು ಚಿಕ್ಕದು ಮಾಡಿ ಮೊದಲನೆಯದರ ಕೆಳಗೆ ಒತ್ತಾಗಿ ಇಡುವುದು ನಮ್ಮ ರೂಢಿ. ನಮ್ಮವರು ಕಾಲ ಬಳಿ ಇರಿಸಿದ್ದನ್ನು ಸ್ಪೇನಿನವರು ತಲೆಯ ಮೇಲೆ ಹೊರಿಸಿದರು.

ಕಾಲಕ್ರಮದಲ್ಲಿ ಆ ಇಮ್ಮಡಿ ನಕಾರದ ಉಚ್ಚಾರಣೆಯೂ ಮಾರ್ಪಟ್ಟಿತು. ನಾಲಗೆಯ ನಡುಭಾಗ ಅಂಗುಳಕ್ಕೆ ತಗುಲಿ ಹುಟ್ಟುವ ಅನುನಾಸಿಕವಾಗಿ ಅದು ನೆಲೆನಿಂತಿತು. ಇದೇ ಧ್ವನಿಯನ್ನು ಬರೆಯಲು ಫ್ರೆಂಚ್, ಇಟಾಲಿಯನ್ ಭಾಷೆಗಳು 'ಜಿ' 'ಎನ್' ಎಂಬ ಎರಡಕ್ಷರಗಳನ್ನೂ, ಪೋರ್ಚುಗೀಸ್ 'ಎನ್' 'ಎಚ್' ಎಂಬ ಎರಡಕ್ಷರಗಳನ್ನೂ ಬಳಸುತ್ತವೆ. ಸ್ಪ್ಯಾನಿಷ್ ಒಂದರಲ್ಲೇ ಮುಗಿಸುತ್ತದೆ. ಇಂಗ್ಲಿಷ್ ಓದುಗನಿಗೆ ಈ ಧ್ವನಿಯನ್ನು ತಿಳಿಸಬೇಕಾದರೆ ಬಹಳ ಹೆಣಗಬೇಕು. ಕನ್ನಡದ ಮಗುವಿಗೆ ಆ ಕಷ್ಟವಿಲ್ಲ. ಚ, ಛ, ಜ, ಝ ಆದಮೇಲೆ ಬರುವ ಞ ಇದೇ ಧ್ವನಿ. ಈ ಲೇಖನದ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ನಿರಾಯಾಸವಾಗಿ ಬರೆಯಲು ಸಾಧ್ಯವಾಗಿರುವುದೂ ಆ ಒಂದು ಅಕ್ಷರದ ಕೃಪೆ.

ಸ್ಪೇನಿನಿಂದ ಹೊರಟ ಎಞೆ ಕಡಲು ದಾಟಿ ಹೋಯಿತು. ದಕ್ಷಿಣ ಅಮೆರಿಕದ ಗ್ವಾರಾನಿ, ಕೆಚುವ, ಐಮಾರ ಭಾಷೆಗಳೂ, ಫಿಲಿಪೈನ್ಸಿನ ಫಿಲಿಪಿನೊ ಭಾಷೆಯೂ, ಸ್ಪೇನಿನಲ್ಲಿಯೇ ಇರುವ ಬಾಸ್ಕ್ ಮತ್ತು ಗಲಿಷಿಯನ್ ಭಾಷೆಗಳೂ ಅದನ್ನು ತಮ್ಮ ವರ್ಣಮಾಲೆಗೆ ಸೇರಿಸಿಕೊಂಡಿವೆ.

ಜಡ ಕೀಲಿಯ ಜಾಣತನ

1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ ಟೈಪ್‌ರೈಟರ್ ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರ. ಇಂಗ್ಲಿಷಿಗೆ 26 ಅಕ್ಷರಗಳು ಸಾಕು. ಅಕ್ಷರಗಳ ತಲೆಯ ಮೇಲೆ ಚಿಹ್ನೆಗಳ ಗೋಜಿಲ್ಲ. ಅದೇ ಯಂತ್ರ ಯೂರೋಪಿನ ಇತರ ದೇಶಗಳನ್ನು ಹೊಕ್ಕಾಗ ತೊಡಕು ಎದುರಾಯಿತು. ಫ್ರೆಂಚರ 'ಇ' ಅಕ್ಷರವೊಂದೇ ನಾಲ್ಕು ಬಗೆಯ ಚಿಹ್ನೆಗಳನ್ನು ಹೊರಬಲ್ಲುದು. ಪ್ರತಿಯೊಂದು ಜೋಡಣೆಗೂ ಒಂದೊಂದು ಕೀಲಿಯನ್ನಿಟ್ಟರೆ ಕೀಲಿಮಣೆ ಹಾರ್ಮೋನಿಯಮ್ಮಿನಷ್ಟು ಅಗಲವಾದೀತು!

ಇದಕ್ಕೆ ಕುಶಲ ಶಿಲ್ಪಿಗಳು ಕಂಡುಹಿಡಿದ ಪರಿಹಾರವೇ 'ಜಡ ಕೀಲಿ'. ಟೈಪ್‌ರೈಟರಿನಲ್ಲಿ ಯಾವ ಕೀಲಿಯನ್ನು ಒತ್ತಿದರೂ ಅಕ್ಷರ ಮೂಡಿ, ಕಾಗದ ಹೊತ್ತ ಉರುಳೆ ಒಂದು ಹೆಜ್ಜೆ ಸರಿಯುತ್ತದೆ. ಜಡ ಕೀಲಿಯನ್ನು ಒತ್ತಿದರೆ ಚಿಹ್ನೆ ಮಾತ್ರ ಮೂಡುತ್ತದೆ, ಉರುಳೆ ಸರಿಯುವುದಿಲ್ಲ. ಮುಂದೆ ಒತ್ತಿದ ಅಕ್ಷರ ಅದೇ ಜಾಗದಲ್ಲಿ, ಚಿಹ್ನೆಯ ಅಡಿಯಲ್ಲಿ ಬಂದು ಕೂರುತ್ತದೆ. ಒಂದು ಕೀಲಿಯಿಂದ ಐದು ಸ್ವರಗಳಿಗೂ ಕಿರೀಟ ತೊಡಿಸಬಹುದು.

ಆದರೆ ಸ್ಪೇನಿನವರು ಎಞೆಯನ್ನು ಈ ಬಗೆಯಲ್ಲಿ ಜೋಡಿಸಲು ಒಪ್ಪಲಿಲ್ಲ. ಸ್ವರಗಳ ಮೇಲಿನ ಓರೆಗೆರೆಗೆ ಜಡ ಕೀಲಿ ಸಾಕೆಂದರು. ಎಞೆಗೆ ಮಾತ್ರ ಅದರದೇ ಕೀಲಿಯನ್ನು ಕೊಟ್ಟರು. ಬಲಗೈಯ ಕಿರುಬೆರಳು ಸಹಜವಾಗಿ ಕೂರುವ ಸ್ಥಳದಲ್ಲಿ, 'ಎಲ್' ಅಕ್ಷರದ ಬಲಮಗ್ಗುಲಲ್ಲಿ ಅದು ನೆಲೆಸಿತು. ಓರೆಗೆರೆ ಒತ್ತು ಕೊಟ್ಟು ಉಚ್ಚರಿಸಬೇಕೆಂಬ ಸೂಚನೆ ಮಾತ್ರ. ಎಞೆ ಬೇರೆಯೇ ಅಕ್ಷರ. ನಮ್ಮಲ್ಲಿ ನ ಬೇರೆ, ಞ ಬೇರೆ ಎಂಬಂತೆ, ಅಲ್ಲಿಯೂ ಅವೆರಡೂ ವರ್ಣಮಾಲೆಯ ಬೇರೆ ಬೇರೆ ಸದಸ್ಯರು.

128 ಮನೆಗಳ ಊರು

ಟೈಪ್‌ರೈಟರ್ ಅಕ್ಷರದ ಅಚ್ಚನ್ನು ಹೊಡೆಯುತ್ತಿತ್ತು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಗದಿ ಮಾಡಬೇಕು. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ಪರಿಷ್ಕೃತವಾದ 'ಆಸ್ಕಿ' ಎಂಬ ಪಟ್ಟಿ ಇಂಥದು. ಅದರಲ್ಲಿ ಒಟ್ಟು 128 ಮನೆಗಳು. 33 ಮನೆಗಳು ಯಂತ್ರಕ್ಕೆ ಕೊಡುವ ಆಜ್ಞೆಗಳಿಗೆ ಹೋದವು. ಉಳಿದ 95ರಲ್ಲಿ ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ವಾಸವಾದವು. ಎಞೆಗೆ ಆ ಊರಿನಲ್ಲಿ ಮನೆ ಸಿಗಲಿಲ್ಲ.

ಸ್ಪೇನ್ ತನ್ನದೇ ಪಟ್ಟಿಯೊಂದನ್ನು ಮಾಡಿಕೊಂಡು, ಹಿಂದಕ್ಕೆ ವಾಲಿದ ಓರೆಗೆರೆಯ ಚಿಹ್ನೆಯನ್ನು ಮನೆಯಿಂದ ಬಿಡಿಸಿ ದೊಡ್ಡ ಎಞೆಗೂ, ನೇರಗೆರೆಯನ್ನು ಬಿಡಿಸಿ ಸಣ್ಣ ಎಞೆಗೂ ಆಶ್ರಯ ಕೊಟ್ಟಿತು. ಇದರ ಫಲವೇನೆಂದರೆ, ಮ್ಯಾಡ್ರಿಡ್‌ನಲ್ಲಿ ಎಞೆಯಾಗಿ ಹೊರಟದ್ದು ಅಮೆರಿಕ ಮುಟ್ಟುವಾಗ ಬರಿಯ ಗೆರೆಯಾಗುತ್ತಿತ್ತು. 1981ರಲ್ಲಿ ಐ.ಬಿ.ಎಂ. ಕಂಪನಿಯ ಮನೆಬಳಕೆಯ ಕಂಪ್ಯೂಟರ್ ಬಂದಾಗ ಅದರ ಪಟ್ಟಿಯಲ್ಲಿ 256 ಮನೆಗಳಿದ್ದವು. ಸಣ್ಣ ಎಞೆಗೆ 164ನೆಯದು ದೊರೆಯಿತು. 1987ರಲ್ಲಿ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಬಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದೇ ಅಕ್ಷರಕ್ಕೆ 241ನೆಯ ಮನೆ. ಒಂದೇ ಅಕ್ಷರಕ್ಕೆ ಎರಡು ವಿಳಾಸಗಳಾದರೆ ಪತ್ರ ತಪ್ಪುವುದು ಸಹಜವೇ. ಒಂದು ಯಂತ್ರದಲ್ಲಿ ಬರೆದ ಹೆಸರು ಇನ್ನೊಂದರಲ್ಲಿ ವಿಚಿತ್ರ ಆಕೃತಿಗಳ ಸಾಲಾಗಿ ಮೂಡುತ್ತಿತ್ತು.

ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಲೆಂದು 'ಯೂನಿಕೋಡ್' ಹುಟ್ಟಿದ್ದು ಈ ಗೊಂದಲದಿಂದಲೇ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿ ಎಞೆಗೆ 241ನ್ನೇ ಉಳಿಸಿತು. ಅದೇ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು.

ಒಂದು ಕೀಲಿಗಾಗಿ ವ್ಯಾಜ್ಯ

ಪಟ್ಟಿಯಲ್ಲಿ ಮನೆ ದೊರೆತ ಆ ವರ್ಷವೇ ಕೀಲಿಮಣೆಯ ಮೇಲಿನ ಮನೆಗೆ ಸಂಚಕಾರ ಬಂದಿತು. ಸ್ಪೇನಿನಲ್ಲಿ ಮಾರುವ ಇಂಥ ಯಂತ್ರಗಳಲ್ಲಿ ಎಞೆ ಇರಲೇಬೇಕೆಂದು ಆ ದೇಶದ ಸರ್ಕಾರ 1985ರಲ್ಲಿ ನಿಯಮಗಳನ್ನು ಮಾಡಿತ್ತು. ಸದಸ್ಯ ರಾಷ್ಟ್ರಗಳ ನಡುವೆ ಸರಕುಗಳು ಅಡೆತಡೆಯಿಲ್ಲದೆ ಓಡಾಡಬೇಕೆಂಬುದು ಯೂರೋಪಿಯನ್ ಸಮುದಾಯದ ಮೂಲಸೂತ್ರ. ಒಂದು ದೇಶಕ್ಕಾಗಿ ಬೇರೆ ಬಗೆಯ ಕೀಲಿಮಣೆಯನ್ನು ಮಾಡಲೇಬೇಕೆನ್ನುವುದು ವ್ಯಾಪಾರಕ್ಕೆ ಅಡ್ಡಿಯೆಂದು ಭಾವಿಸಿ, 1991ರಲ್ಲಿ ಸಮುದಾಯ ಆ ನಿಯಮಗಳನ್ನು ಹಿಂತೆಗೆದುಕೊಳ್ಳುವಂತೆ ಕೇಳಿತು.

ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಈ ವಾದದಲ್ಲಿ ತಪ್ಪಿಲ್ಲ. ಒಂದೇ ಅಚ್ಚಿನ ಸರಕನ್ನು ಎಲ್ಲೆಡೆ ಮಾರಿದರೆ ಖರ್ಚು ಕಡಿಮೆ. ಬೇಕಾದವರು ಎಞೆಯನ್ನು ಬೇರೆ ಉಪಾಯದಿಂದ ತಂದುಕೊಳ್ಳಬಹುದು. ಆದರೆ 'ಎಸ್ಪಾಞಾ' ಎಂಬ ತನ್ನ ಹೆಸರನ್ನೇ ಬರೆಯಲು ಒಂದು ದೇಶ ಬೇರೆ ಉಪಾಯ ಹುಡುಕಬೇಕೆ? ಜನ ಕೆರಳಿದ್ದು ಇಲ್ಲಿ. ಭಾಷೆಯ ಕಾವಲಿಗೆಂದೇ 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಯಲ್ ಅಕಾಡೆಮಿ ಇದನ್ನು ಭಾಷೆಯ ಮೇಲಿನ ಗಂಭೀರ ಆಘಾತವೆಂದು ಖಂಡಿಸಿತು. ನೊಬೆಲ್ ಪುರಸ್ಕೃತ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಎಞೆಯ ಪರವಾಗಿ ದನಿಯೆತ್ತಿದರು. ಅವರು ಸ್ಪೇನಿನವರಲ್ಲ, ಕೊಲಂಬಿಯದವರು. ಅಕ್ಷರದ ಬಳಗ ದೇಶದ ಗಡಿಗಿಂತ ದೊಡ್ಡದೆಂಬುದಕ್ಕೆ ಇದೇ ಸಾಕ್ಷಿ.

1993ರ ಏಪ್ರಿಲ್ ತಿಂಗಳಲ್ಲಿ ಸ್ಪೇನ್ ಸರ್ಕಾರ ರಾಜಾಜ್ಞೆಯನ್ನು ಹೊರಡಿಸಿತು. ಯಾಂತ್ರಿಕವಾಗಲಿ, ವಿದ್ಯುತ್ತಿನದಾಗಲಿ, ಎಲೆಕ್ಟ್ರಾನಿಕ್ ಆಗಲಿ, ಬರವಣಿಗೆಗೆ ಬಳಸುವ ಉಪಕರಣಗಳ ಕೀಲಿಮಣೆಯಲ್ಲಿ ಎಞೆ ಇರತಕ್ಕದ್ದೆಂಬುದು ಅದರ ಸಾರ. ಸದಸ್ಯ ರಾಷ್ಟ್ರಗಳ ಸಂಸ್ಕೃತಿಯನ್ನು ರಕ್ಷಿಸಲು ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಅವಕಾಶವಿತ್ತು. ಸ್ಪೇನ್ ಅದನ್ನೇ ಆಧಾರವಾಗಿ ಹಿಡಿಯಿತು. ಎಞೆ ಉಳಿಯಿತು.

ಮರುವರ್ಷ, 1994ರಲ್ಲಿ, ಸ್ಪ್ಯಾನಿಷ್ ಅಕಾಡೆಮಿಗಳು ಸೇರಿ ನಿಘಂಟಿನ ಅಕ್ಷರಕ್ರಮವನ್ನು ಸರಳಗೊಳಿಸಿದವು. ಅದುವರೆಗೆ ಪ್ರತ್ಯೇಕ ಅಕ್ಷರಗಳಾಗಿದ್ದ 'ಸಿ–ಎಚ್' ಮತ್ತು 'ಎಲ್–ಎಲ್' ಜೋಡಿಗಳು ತಮ್ಮ ಪ್ರತ್ಯೇಕ ಅಧ್ಯಾಯಗಳನ್ನು ಕಳೆದುಕೊಂಡವು. ಎಞೆಯನ್ನು ಯಾರೂ ಮುಟ್ಟಲಿಲ್ಲ. ಆ ಭಾಷೆಯ 27 ಅಕ್ಷರಗಳಲ್ಲಿ ಅದು ಇಂದಿಗೂ ಒಂದು. 2007ರಿಂದ ಸ್ಪೇನಿನ ಅಂತರಜಾಲ ವಿಳಾಸಗಳಲ್ಲಿಯೂ ಅದನ್ನು ಬಳಸಬಹುದಾಗಿದೆ.

ಕೀಲಿ ಇಲ್ಲದವರು ಏನು ಮಾಡಬೇಕು?

ಭಾರತದಲ್ಲಿ ಮಾರಾಟವಾಗುವ ಸಾಮಾನ್ಯ ಕೀಲಿಮಣೆಯಲ್ಲಿ ಎಞೆ ಇಲ್ಲ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳನ್ನು ಕಲಿಯುವ ವಿದ್ಯಾರ್ಥಿಗಳೂ, ಆ ದೇಶಗಳೊಡನೆ ಪತ್ರವ್ಯವಹಾರ ಇರುವವರೂ ಹತಾಶರಾಗಬೇಕಿಲ್ಲ. ಒಂದು ರಹಸ್ಯ ತಿಳಿದರೆ ಸಾಕು: ಕೀಲಿಯನ್ನು ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಅಕ್ಷರವಲ್ಲ, ಆ ಕೀಲಿಯ ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಯಾವ ಅಕ್ಷರವೆಂಬುದನ್ನು ನಿರ್ಧರಿಸುವುದು ಒಳಗಿರುವ ತಂತ್ರಾಂಶ. ಕೀಲಿಯ ಮೇಲಿನ ಅಚ್ಚು ಬರಿಯ ಗುರುತಿನ ಚೀಟಿ. ಕಂಪ್ಯೂಟರಿನ ಭಾಷಾ ಸಂಯೋಜನೆಯಲ್ಲಿ ಸ್ಪ್ಯಾನಿಷ್ ಕೀಲಿಮಣೆಯನ್ನು ಆರಿಸಿಕೊಂಡರೆ, 'ಎಲ್' ಪಕ್ಕದ ಅರ್ಧವಿರಾಮದ ಕೀಲಿ ಆ ಕ್ಷಣದಿಂದ ಎಞೆಯನ್ನು ಮೂಡಿಸುತ್ತದೆ.

ಆಗೊಮ್ಮೆ ಈಗೊಮ್ಮೆ ಬೇಕಾದವರಿಗೆ ಬೇರೆ ದಾರಿಗಳಿವೆ. ವಿಂಡೋಸ್ ಕಂಪ್ಯೂಟರಿನಲ್ಲಿ 'ಆಲ್ಟ್' ಕೀಲಿಯನ್ನು ಒತ್ತಿಹಿಡಿದು, ಬಲಭಾಗದ ಅಂಕಿಗಳ ಮಣೆಯಲ್ಲಿ 0241 ಎಂದು ಒತ್ತಿ ಬಿಟ್ಟರೆ ಸಣ್ಣ ಎಞೆ ಪ್ರತ್ಯಕ್ಷವಾಗುತ್ತದೆ. 164 ಎಂದು ಒತ್ತಿದರೂ ಬರುವುದುಂಟು. ಮೇಲೆ ಹೇಳಿದ ಎರಡು ಪಟ್ಟಿಗಳ ಹಳೆಯ ವಿಳಾಸಗಳೇ ಇವು. ಫ್ರೆಂಚ್, ಸ್ಪ್ಯಾನಿಷ್ ಎರಡರಲ್ಲೂ ಬರುವ, ಬಲಕ್ಕೆ ವಾಲಿದ ಗೆರೆಯುಳ್ಳ ಸಣ್ಣ 'ಇ' ಅಕ್ಷರಕ್ಕೆ 0233; ಸ್ಪ್ಯಾನಿಷಿನಲ್ಲಿ ಪ್ರಶ್ನೆಯ ಆರಂಭದಲ್ಲಿ ಬರುವ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗೆ 0191.

ಹೆಚ್ಚಾಗಿ ಬರೆಯುವವರಿಗೆ 'ಅಮೆರಿಕ–ಅಂತರರಾಷ್ಟ್ರೀಯ' ಎಂಬ ವಿನ್ಯಾಸ ಅನುಕೂಲ. ಅದರಲ್ಲಿ ಟೈಪ್‌ರೈಟರಿನ ಜಡ ಕೀಲಿ ಮತ್ತೆ ಜೀವ ತಳೆದಿದೆ. ಅಲೆಗೆರೆಯ ಕೀಲಿಯನ್ನು ಒತ್ತಿದಾಗ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಅನಂತರ 'ಎನ್' ಒತ್ತಿದರೆ ಎರಡೂ ಸೇರಿ ಎಞೆಯಾಗುತ್ತದೆ. ಹೊಸಬರು ಒಂದನ್ನು ನೆನಪಿಡಬೇಕು: ಈ ವಿನ್ಯಾಸದಲ್ಲಿ ಉದ್ಧರಣ ಚಿಹ್ನೆಯ ಕೀಲಿಯೂ ಜಡ ಕೀಲಿಯೇ, ಬರಿಯ ಚಿಹ್ನೆ ಬೇಕಾದರೆ ಅದರ ಬಳಿಕ ಖಾಲಿಜಾಗದ ಕೀಲಿಯನ್ನು ಒತ್ತಬೇಕು. ಆಪಲ್ ಕಂಪನಿಯ ಮ್ಯಾಕ್‌ನಲ್ಲಿ 'ಆಪ್ಷನ್' ಕೀಲಿಯೊಡನೆ 'ಎನ್' ಒತ್ತಿ, ಮತ್ತೊಮ್ಮೆ 'ಎನ್' ಒತ್ತಬೇಕು. ಮೊಬೈಲ್ ಫೋನಿನಲ್ಲಂತೂ ಕೆಲಸ ಇನ್ನೂ ಸುಲಭ. 'ಎನ್' ಅಕ್ಷರದ ಮೇಲೆ ಬೆರಳನ್ನು ಕೊಂಚ ಹೊತ್ತು ಊರಿದರೆ ಎಞೆ ತಾನಾಗಿ ಮೇಲೆದ್ದು ಬರುತ್ತದೆ.

ಹೆಸರಿನ ಪ್ರಶ್ನೆ

ದಾರಿಗಳು ಇಷ್ಟು ಸುಲಭವಾಗಿದ್ದರೂ ಗೆರೆ ಕಳೆದುಹೋಗುವುದು ನಿಂತಿಲ್ಲ. ಪದದಲ್ಲಿ ಗೆರೆ ತಪ್ಪಿದರೆ ನಗೆಪಾಟಲು. ಹೆಸರಿನಲ್ಲಿ ತಪ್ಪಿದರೆ ತೊಂದರೆ. 'ಪೆಞಾ' ಎಂಬುದು ಸ್ಪ್ಯಾನಿಷ್ ಜನರಲ್ಲಿ ವಾಡಿಕೆಯಲ್ಲಿರುವ ಮನೆತನದ ಹೆಸರು. ಗೆರೆ ಹೋದರೆ ಬಂಡೆಯಂಥ ಹೆಸರು ದುಃಖವಾಗಿ ಕರಗುತ್ತದೆ.

ಪಾಸ್‌ಪೋರ್ಟನ್ನೇ ನೋಡಬಹುದು. ಅದರ ಮೇಲ್ಭಾಗದಲ್ಲಿ ಹೆಸರು ಎಞೆಯೊಡನೆ ಅಚ್ಚಾಗುತ್ತದೆ. ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಅಂತರರಾಷ್ಟ್ರೀಯ ನಿಯಮದ ಪ್ರಕಾರ 26 ರೋಮನ್ ಅಕ್ಷರಗಳಿಗೆ ಮಾತ್ರ ಪ್ರವೇಶ. ಎಞೆ ಅಲ್ಲಿ ಬರಿಯ 'ಎನ್' ಆಗುತ್ತದೆ. ಅಥವಾ 'ಎನ್' ಮುಂದೆ ಎರಡು 'ಎಕ್ಸ್'ಗಳನ್ನು ಸೇರಿಸಲೂ ನಿಯಮ ಒಪ್ಪುತ್ತದೆ. ಒಂದೇ ಪುಟದಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಹೆಸರು!

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸ್ಪ್ಯಾನಿಷ್ ಮಾತನಾಡುವವರು ಬಹು ಸಂಖ್ಯೆಯಲ್ಲಿದ್ದಾರೆ. 1986ರಲ್ಲಿ ಅಲ್ಲಿಯ ಮತದಾರರು ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿ ಆರಿಸಿದ ಮೇಲೆ, ಜನನ ಪತ್ರಗಳಲ್ಲಿ ಇಂಥ ಚಿಹ್ನೆಗಳಿಗೆ ಅವಕಾಶವಿಲ್ಲವೆಂಬ ಪದ್ಧತಿ ಬೆಳೆಯಿತು. ತಂದೆತಾಯಿ ಮಗುವಿಗೆ ಇಟ್ಟ ಹೆಸರು ಒಂದು. ಸರ್ಕಾರ ಬರೆದುಕೊಳ್ಳುತ್ತಿದ್ದುದು ಇನ್ನೊಂದು. 2017ರಲ್ಲಿ ಚಿಹ್ನೆಗಳಿಗೆ ಅವಕಾಶ ಕೊಡುವ ಮಸೂದೆಯೊಂದನ್ನು ಶಾಸನಸಭೆ ಅಂಗೀಕರಿಸಿತಾದರೂ, ದಾಖಲೆಗಳ ವ್ಯವಸ್ಥೆಯನ್ನು ಬದಲಿಸುವುದು ಕಷ್ಟ, ದುಬಾರಿ ಎಂಬ ಕಾರಣದಿಂದ ಆಗಿನ ಗವರ್ನರ್ ಜೆರ್ರಿ ಬ್ರೌನ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಯೂನಿಕೋಡಿನಲ್ಲಿ ಎಞೆಯನ್ನು ಎರಡು ಬಗೆಯಾಗಿ ಬರೆಯಬಹುದು: ಇಡಿಯಾಗಿ ಒಂದೇ ಸಂಖ್ಯೆಯಿಂದ, ಇಲ್ಲವೇ 'ಎನ್' ಮತ್ತು ಗೆರೆ ಎಂಬ ಎರಡು ಸಂಖ್ಯೆಗಳಿಂದ. ಕಣ್ಣಿಗೆ ಎರಡೂ ಒಂದೇ. ಎಚ್ಚರಿಕೆಯಿಂದ ಹೊಸೆಯದ ತಂತ್ರಾಂಶಕ್ಕೆ ಮಾತ್ರ ಅವು ಬೇರೆ ಬೇರೆ. ಒಂದು ಬಗೆಯಲ್ಲಿ ನಮೂದಾದ ಹೆಸರನ್ನು ಇನ್ನೊಂದು ಬಗೆಯಲ್ಲಿ ಹುಡುಕಿದರೆ, ಅಂಥವರು ಯಾರೂ ಇಲ್ಲವೆಂದು ಅದು ಹೇಳಿಬಿಡುತ್ತದೆ.

ನಮ್ಮ ಞಕಾರ

ಈ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ರೋಮನ್ ಅಕ್ಷರಗಳಲ್ಲಿ ಊರಿನ ಹೆಸರು, ಮಕ್ಕಳ ಹೆಸರು ಬರೆಯುವಾಗ ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ. 'ಕಾಳ' ಯಾವುದು, 'ಕಾಲ' ಯಾವುದು ಎಂಬುದು ಬಲ್ಲವರಿಗಷ್ಟೇ ಗೊತ್ತು. ಕನ್ನಡ ಲಿಪಿಯಲ್ಲಿಯೇ ಬರೆಯುವವರಿಗಾದರೆ ಈಗ ಆ ದಾರಿದ್ರ್ಯವಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಯಲ್ಲಿ ಸಾಮಾನ್ಯ ಇಂಗ್ಲಿಷ್ ಕೀಲಿಗಳೇ ವರ್ಣಮಾಲೆಯನ್ನೆಲ್ಲ ಹೊರುತ್ತವೆ. ಅಲ್ಲಿ 'ಎಫ್' ಕೀಲಿಯ ಕೆಲಸ ಜಡ ಕೀಲಿಯ ತಮ್ಮನದು. ಯೂರೋಪಿನಲ್ಲಿ ಚಿಹ್ನೆ ಮೊದಲು, ಅಕ್ಷರ ಅನಂತರ. ಇಲ್ಲಿ ವ್ಯಂಜನ ಮೊದಲು, ಆಮೇಲೆ ಕೂಡಿಸುವ ಕೀಲಿ, ಆಮೇಲೆ ಒತ್ತಾಗಬೇಕಾದ ವ್ಯಂಜನ. ಜ, ಕೂಡಿಸುವ ಕೀಲಿ, ಞ ಎಂದು ಒತ್ತಿದರೆ 'ಜ್ಞ' ಮೂಡುತ್ತದೆ.

ಸಂಸ್ಕೃತವನ್ನು ರೋಮನ್ ಲಿಪಿಯಲ್ಲಿ ಬರೆಯಲು ವಿದ್ವಾಂಸರು ಬಳಸುವ ಪದ್ಧತಿಯೊಂದಿದೆ. 1894ರಲ್ಲಿ ಜಿನೀವಾದಲ್ಲಿ ನಡೆದ ಪ್ರಾಚ್ಯವಿದ್ಯಾ ಸಮ್ಮೇಳನದ ನಿರ್ಣಯಗಳ ಮೇಲೆ ನಿಂತ ಪದ್ಧತಿ ಅದು. ಮೂರ್ಧನ್ಯ ಣಕಾರಕ್ಕೆ 'ಎನ್' ಅಡಿಯಲ್ಲಿ ಒಂದು ಚುಕ್ಕೆ. ಞಕಾರಕ್ಕೆ 'ಎನ್' ನೆತ್ತಿಯ ಮೇಲೆ ಅಲೆಯಂಥ ಗೆರೆ. ಅದೇ ಎಞೆ! ಸ್ಪೇನಿನ ಲಿಪಿಕಾರರು ಚರ್ಮದ ಹಾಳೆ ಉಳಿಸಲೆಂದು ಎಳೆದ ಗೆರೆ 'ಜ್ಞಾನ', 'ಯಜ್ಞ', 'ಆಜ್ಞೆ' ಎಂಬ ಪದಗಳ ರೋಮನ್ ರೂಪವನ್ನು ಇಂದು ಕಾಪಾಡುತ್ತಿದೆ. ಗೆರೆ ಬಿಟ್ಟರೆ ಅಲ್ಲಿಯೂ ಞ ಹೋಗಿ ನ ಬಂದು ಕೂರುತ್ತದೆ.

ಪರದೇಶದ ಮಿತ್ರನಿಗೆ ಓಲೆ ಬರೆಯುವಾಗಲೋ, ಕಚೇರಿಯ ಪಟ್ಟಿಯಲ್ಲಿ ಯಾರದೋ ಹೆಸರನ್ನು ತುಂಬುವಾಗಲೋ ಅಕ್ಷರದ ತಲೆಯ ಮೇಲೆ ಗೆರೆಯೊಂದು ಕಂಡರೆ, ಅದನ್ನು ಧೂಳೆಂದು ಒರೆಸಿಹಾಕದಿರುವುದು ಲೇಸು. ಅದನ್ನು ಮೂಡಿಸಲು ಬೇಕಾದದ್ದು ಹೆಚ್ಚೆಂದರೆ ಒಂದೆರಡು ಒತ್ತು ಹೆಚ್ಚಿನ ಶ್ರಮ. ಆ ಹೆಸರನ್ನು ಹೊತ್ತವನಿಗೆ ಅದು ತನ್ನ ತಾಯಿ ಕರೆದ ಹೆಸರು.